ಮಣ್ಣಿನೊಳಗಿನ ದಾಯಾದಿಗಳು

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನನ್ನ ಮುಂದೆ ನಮ್ಮ ಸಂಘದ ಹುಡುಗಿಯೊಬ್ಬಳು ನಿಂತಿದ್ದಳು. "ಡಾಕ್ಟರ್ ಅಂಕಲ್, ನಮ್ಮ ಶಾಲೆಯಲ್ಲಿ ಮಣ್ಣುಂಡೆ ಮಾಡಿ ಲಾಂಗ್‌ಕಾಂಗಿಗೆ ಎಸೆದೆವು. ಅದರೊಳಗಿನ ಬ್ಯಾಕ್ಟೀರಿಯಾ ಕೊಳೆಯನ್ನೆಲ್ಲ ತಿಂದುಬಿಡುತ್ತವಂತೆ. ಹಾಗಾದರೆ ಅವು ನಮ್ಮನ್ನು ತಿನ್ನೋದಿಲ್ವಾ?" ಎಂದು ಕೇಳಿದಳು. ಕೈಯಲ್ಲಿ ತಟ್ಟೆ, ಬೆನ್ನ ಹಿಂದೆ ಹಸಿದ ಜನ. "ಇಲ್ಲಮ್ಮ, ಅವು ಒಳ್ಳೆಯ ಬ್ಯಾಕ್ಟೀರಿಯಾ" ಎಂದು ಹೇಳಿ ಬಿಸಿಬೇಳೆಬಾತಿನ ಕಡೆ ತಿರುಗಿದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ರುಚಿಸಲಿಲ್ಲ. ಮೂವತ್ತು ವರ್ಷ ವೈದ್ಯನಾಗಿದ್ದವನು ಕೊಡಬೇಕಾದ ಉತ್ತರ ಅದಲ್ಲ. ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದದ್ದರಿಂದ ಆ ಸಾಲವನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮೊದಲು ಮಣ್ಣುಂಡೆಯ ಮಾತು ಮುಗಿಸೋಣ. 2009ರ ಆಗಸ್ಟ್ 8ರಂದು ಪೆನಾಂಗಿನಲ್ಲಿ ಜನ ಹತ್ತು ಲಕ್ಷಕ್ಕೂ ಹೆಚ್ಚು ಮಣ್ಣುಂಡೆಗಳನ್ನು ಸಮುದ್ರಕ್ಕೆ ಎಸೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಉಂಡೆಗಳಲ್ಲಿ ಇರುವುದು ಹೆಚ್ಚಾಗಿ ಮೊಸರು ಹೆಪ್ಪುಗಟ್ಟಿಸುವ ಜಾತಿಯ ಬ್ಯಾಕ್ಟೀರಿಯಾ, ಯೀಸ್ಟ್ ಮುಂತಾದವು. ಅವುಗಳಿಂದ ನೀರು ಎಷ್ಟು ಶುದ್ಧವಾಗುತ್ತದೆ ಎಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ನನಗೂ ಅಷ್ಟಾಗಿ ನಂಬಿಕೆಯಿಲ್ಲ. ಆದರೆ ಅವುಗಳಿಗೆ ಹೆದರಬೇಕಾಗಿಲ್ಲ. ನಿಜವಾಗಿ ಪೆಟ್ರೋಲು, ಕೀಟನಾಶಕ, ಕಾರ್ಖಾನೆಯ ವಿಷ ಇವನ್ನು ತಿಂದು ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾಗಳ ಕುಲವೇ ಬೇರೆ. ಹುಡುಗಿ ಕೇಳಿದ ಪ್ರಶ್ನೆ ಅವುಗಳಿಗೆ ಸರಿಯಾಗಿ ಹೊಂದುತ್ತದೆ. ವಿಜ್ಞಾನಿಗಳು ಆ ಪ್ರಶ್ನೆಗೆ ಸಿಕ್ಕಿಬಿದ್ದು ಒದ್ದಾಡಿದ್ದೂ ಉಂಟು.

ಕಥೆಯನ್ನು ನಮ್ಮ ದೇಶದವರೇ ಆದ ಒಬ್ಬರಿಂದ ಶುರುಮಾಡಬಹುದು. ಬಂಗಾಳದ ಆನಂದ ಮೋಹನ ಚಕ್ರವರ್ತಿಯವರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಅಮೆರಿಕಕ್ಕೆ ಹೋಗಿ, 1971ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯ ಸೇರಿದರು. ಕಚ್ಚಾ ಎಣ್ಣೆಯಲ್ಲಿ ನಾನಾ ಬಗೆಯ ರಾಸಾಯನಿಕಗಳಿರುತ್ತವೆ. ಒಂದೊಂದನ್ನು ತಿನ್ನಲು ಒಂದೊಂದು ಬ್ಯಾಕ್ಟೀರಿಯಾ. ತಿನ್ನುವ ಈ ವಿದ್ಯೆ ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರಗಳಲ್ಲಿ ಅಡಗಿರುತ್ತದೆ, ಮತ್ತು ಆ ಉಂಗುರಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗಬಲ್ಲವು. ಚಕ್ರವರ್ತಿಯವರು ಅಂಥ ನಾಲ್ಕು ವಿದ್ಯೆಗಳನ್ನು ಸ್ಯೂಡೋಮೋನಾಸ್ ಕುಲದ ಒಂದೇ ಬ್ಯಾಕ್ಟೀರಿಯಾದೊಳಗೆ ಸೇರಿಸಿ 1972ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಜೀವಿಗೆ ಪೇಟೆಂಟೇ ಎಂದು ಕಚೇರಿ ನಿರಾಕರಿಸಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರ ಜೂನ್ 16ರಂದು ಐದಕ್ಕೆ ನಾಲ್ಕು ಮತಗಳಿಂದ ಅವರ ಪರವಾಗಿ ತೀರ್ಪಾಯಿತು. ಪತ್ರಿಕೆಗಳೆಲ್ಲ ಕೊಂಡಾಡಿದವು. ಆದರೆ ಆ ಬ್ಯಾಕ್ಟೀರಿಯಾವನ್ನು ಯಾವ ಸಮುದ್ರಕ್ಕೂ ಬಿಡಲಿಲ್ಲ. ಪ್ರಯೋಗಶಾಲೆಯಲ್ಲಿ ತಯಾರಾದ ಜೀವಿಯನ್ನು ಬಯಲಿಗೆ ಬಿಡಲು ಯಾರಿಗೂ ಧೈರ್ಯವಾಗಲಿಲ್ಲ.

ಈ ಅಂಜಿಕೆ ಬರೀ ಮೂಢನಂಬಿಕೆಯಲ್ಲ. ಅರ್ಜಿಯಲ್ಲಿದ್ದ ತಳಿಗಳಲ್ಲಿ ಒಂದು ಸ್ಯೂಡೋಮೋನಾಸ್ ಏರುಗಿನೋಸಾ ಜಾತಿಯದು. ಆಸ್ಪತ್ರೆಯಲ್ಲಿ ಕೆಲಸಮಾಡುವ ನಮಗೆ ಈ ಹೆಸರು ಕೇಳಿದರೆ ಮೈ ಉರಿಯುತ್ತದೆ. ಸುಟ್ಟಗಾಯಗಳಲ್ಲಿ ಹಸಿರು ಕೀವಾಗಿ ಕಾಣಿಸಿಕೊಂಡು, ಔಷಧಿಗಳಿಗೆ ಜಗ್ಗದೆ ರೋಗಿಯನ್ನು ನುಂಗುವ ಜಾತಿ ಅದು. ಎಣ್ಣೆ ತಿನ್ನುವ ಶಕ್ತಿಯೂ ಔಷಧಿಗೆ ಬಗ್ಗದ ಮೊಂಡುತನವೂ ಒಂದೇ ಗುಣದ ಎರಡು ಮುಖಗಳೋ ಏನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಚಕ್ರವರ್ತಿಯವರು ಅಲ್ಲಿಗೆ ನಿಲ್ಲಲಿಲ್ಲ. ಅವರ ಮುಂದಿನ ಕೆಲಸಕ್ಕೂ ನಾವಿರುವ ಈ ನೆಲಕ್ಕೂ ಒಂದು ನಂಟಿದೆ. 1950ರ ದಶಕದ ಆರಂಭದಲ್ಲಿ, ಎಮರ್ಜೆನ್ಸಿಯ ಕಾಲದಲ್ಲಿ, ಬ್ರಿಟಿಷರು ಕಮ್ಯೂನಿಸ್ಟ್ ಗೆರಿಲ್ಲಾಗಳನ್ನು ಬಯಲಿಗೆಳೆಯಲು ಮಲಯದ ರಸ್ತೆಬದಿಯ ಕಾಡಿನ ಮೇಲೂ ಬೆಳೆಗಳ ಮೇಲೂ ಎಲೆ ಉದುರಿಸುವ ಮದ್ದು ಸಿಂಪಡಿಸಿದರು. ಅದರಲ್ಲಿ 2,4,5-ಟಿ ಎಂಬ ರಾಸಾಯನಿಕವಿತ್ತು. ವಿಯೆಟ್ನಾಮಿನಲ್ಲಿ ಅಮೆರಿಕದವರು ಸುರಿದ 'ಏಜೆಂಟ್ ಆರೆಂಜ್'ನ ಅರ್ಧ ಭಾಗ ಇದೇ. ಆ ಪಾಠದ ಮೊದಲ ಪುಟ ತಿರುವಿದ್ದು ಇಲ್ಲಿಯೇ ಎಂಬುದು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಅಷ್ಟಾಗಿ ಗೊತ್ತಿಲ್ಲ. ಪ್ರಕೃತಿಯಲ್ಲಿ ಇಲ್ಲದ ಈ ವಸ್ತುವನ್ನು ತಿನ್ನುವ ಬ್ಯಾಕ್ಟೀರಿಯಾ ಬೇಕೆಂದು ಚಕ್ರವರ್ತಿ ಮತ್ತು ಸಂಗಡಿಗರು ವಿಷ ಸುರಿದ ಜಾಗಗಳ ಮಣ್ಣು ತಂದು, ಅದರಲ್ಲಿನ ಜೀವಿಗಳಿಗೆ ಮಾಮೂಲು ಆಹಾರವನ್ನು ತಿಂಗಳುಗಟ್ಟಲೆ ಕಡಿಮೆ ಮಾಡುತ್ತ 2,4,5-ಟಿಯನ್ನು ಹೆಚ್ಚು ಮಾಡುತ್ತ ಹೋದರು. ಮಗುವಿಗೆ ಹಾಲು ಬಿಡಿಸಿ ಅನ್ನ ಕಲಿಸುವ ಹಾಗೆ. ಕೊನೆಗೆ 2,4,5-ಟಿಯನ್ನೇ ಉಂಡು ಬದುಕುವ ಒಂದು ತಳಿ ಸಿಕ್ಕಿತು. 1981-82ರ ಮಾತಿದು. ಅದಕ್ಕೆ ಅವರು ಕೊಟ್ಟ ಜಾತಿಯ ಹೆಸರು ಸ್ಯೂಡೋಮೋನಾಸ್ ಸೆಪೇಸಿಯಾ.

ಸೆಪೇಸಿಯಾ ಎಂದರೆ ಈರುಳ್ಳಿಗೆ ಸಂಬಂಧಿಸಿದ್ದು. ವಾಲ್ಟರ್ ಬರ್ಕ್‌ಹೋಲ್ಡರ್ ಎಂಬ ಸಸ್ಯರೋಗ ತಜ್ಞರು 1950ರಲ್ಲಿ ಈರುಳ್ಳಿ ಕೊಳೆಯುವುದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ವಿವರಿಸಿ ಇಟ್ಟ ಹೆಸರು ಅದು. ಈರುಳ್ಳಿ ಕೊಳೆಸುವವನು ವಿಷವನ್ನೂ ತಿನ್ನಬಲ್ಲ ಎಂದಾಗ ಎಲ್ಲರಿಗೂ ಉತ್ಸಾಹ. ಸೆಪೇಸಿಯಾ ಬಳಗದವರು ಬೆಳೆಗಳ ಬೇರಿಗೆ ಹತ್ತುವ ಬೂಷ್ಟು ರೋಗವನ್ನೂ ತಡೆಯುತ್ತಾರೆಂದು ಗೊತ್ತಾಗಿ, 1990ರ ದಶಕದಲ್ಲಿ ಅವನ್ನು ಹೊಲಕ್ಕೆ ಎರಚುವ ಮಾತೂ ನಡೆಯಿತು.

ಆ ದಿನಗಳಲ್ಲಿ ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದೆ. ಅಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶಪಾರಂಪರ್ಯದ ಕಾಯಿಲೆ ಇರುವ ಮಕ್ಕಳನ್ನು ಮೊದಲ ಬಾರಿ ನೋಡಿದೆ. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ, ಅದರಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಒಬ್ಬ ಹದಿನಾರರ ಹುಡುಗನಿಗೆ ಬೇರೆ ಕೋಣೆ, ಬೇರೆ ದಿನ, ಬೇರೆ ಬಾಗಿಲು. ಅದೇ ಕಾಯಿಲೆಯ ಗೆಳೆಯರೊಡನೆ ಅವನು ಕೂತು ಮಾತಾಡುವ ಹಾಗಿಲ್ಲ. ಏಕೆಂದರೆ ಅವನ ಕಫದಲ್ಲಿ ಸೆಪೇಸಿಯಾ ಬಂದಿತ್ತು. ಅದು ರೋಗಿಯಿಂದ ರೋಗಿಗೆ ಹರಡುತ್ತದೆ, ಕೆಲವರನ್ನು ವಾರಗಳಲ್ಲಿ ಮುಗಿಸಿಬಿಡುತ್ತದೆ. ಈ ಮಕ್ಕಳಿಗಾಗಿ ನಡೆಯುತ್ತಿದ್ದ ಬೇಸಿಗೆ ಶಿಬಿರಗಳನ್ನೂ ಅದಕ್ಕಾಗಿಯೇ ನಿಲ್ಲಿಸಬೇಕಾಯಿತು. ವಿಷ ತಿಂದು ನೆಲ ಶುದ್ಧಮಾಡುವವನೆಂದು ಒಂದು ಕಡೆ ಹೊಗಳಿಕೆ. ಇನ್ನೊಂದು ಕಡೆ ಅದೇ ಹೆಸರಿನವನು ಹುಡುಗನ ಗೆಳೆತನವನ್ನೇ ಕಿತ್ತುಕೊಂಡಿದ್ದ. ಇಬ್ಬರೂ ಒಬ್ಬನೆಯೋ, ಅಣ್ಣತಮ್ಮಂದಿರೋ, ದೂರದ ದಾಯಾದಿಗಳೋ? ಆಗಿನ ಪರೀಕ್ಷೆಗಳಿಂದ ಖಚಿತವಾಗಿ ಹೇಳುವುದು ಸಾಧ್ಯವಿರಲಿಲ್ಲ. 1998ರಲ್ಲಿ ಕೆಲವು ವೈದ್ಯವಿಜ್ಞಾನಿಗಳು, ಇದನ್ನು ಹೊಲಕ್ಕೆ ಎರಚುವುದು ಜನರ ಆರೋಗ್ಯಕ್ಕೆ ಅಪಾಯವಲ್ಲವೆ ಎಂದು ಬಹಿರಂಗವಾಗಿಯೇ ಪ್ರಶ್ನಿಸಿದರು. 2003ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಸೆಪೇಸಿಯಾ ಬಳಗದ ಬಳಕೆಗೆ ಕಡಿವಾಣ ಹಾಕಿತು.

ಇನ್ನು ಈ ಮನೆತನದ ಅತಿ ಕ್ರೂರಿಯ ಕಥೆ. ಅದು ಬಹುಪಾಲು ಕೌಲಾಲಂಪುರದಲ್ಲೇ ನಡೆದದ್ದು.

1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ ಎಂಬ ವೈದ್ಯರು ಮಾರ್ಫಿನ್ ಚಟಕ್ಕೆ ಬಿದ್ದಿದ್ದ ಬಡಬಗ್ಗರ ಶವಪರೀಕ್ಷೆಯಲ್ಲಿ, ಶ್ವಾಸಕೋಶ, ಯಕೃತ್ತು, ಗುಲ್ಮಗಳ ತುಂಬ ಕೀವು ತುಂಬಿದ ಹೊಸದೊಂದು ರೋಗವನ್ನು ಕಂಡು, 1912ರಲ್ಲಿ ಪ್ರಕಟಿಸಿದರು. ರೋಗಕ್ಕೆ 'ವಿಟ್‌ಮೋರ್ ರೋಗ' ಎಂದು ಹೆಸರಾಯಿತು. ಕೃಷ್ಣಸ್ವಾಮಿಯವರ ಹೆಸರು ಹಿಂದೆ ಸರಿಯಿತು. ಆ ಕಾಲವೇ ಹಾಗೆ. ಮರುವರ್ಷ, 1913ರಲ್ಲಿ, ನಮ್ಮ ಕೌಲಾಲಂಪುರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ (ಈಗಲೂ ಎಲ್ಲರೂ ಐಎಂಆರ್ ಎನ್ನುವುದು ಇದನ್ನೇ, 1900ರಲ್ಲಿ ಶುರುವಾದದ್ದು) ಸಾಕಿದ್ದ ಗಿನಿಹಂದಿ, ಮೊಲಗಳು ಸಾಲುಸಾಲಾಗಿ ಸಾಯತೊಡಗಿದವು. ವಿಲಿಯಂ ಫ್ಲೆಚರ್ ಅದರ ಬೆನ್ನು ಹತ್ತಿದರು. 1917ರಲ್ಲಿ ಅವರ ಸಹೋದ್ಯೋಗಿ ಆಂಬ್ರೋಸ್ ಸ್ಟಾಂಟನ್ ಅದೇ ಬ್ಯಾಕ್ಟೀರಿಯಾವನ್ನು ರಬ್ಬರ್ ತೋಟದ ಒಬ್ಬ ತಮಿಳು ಕೂಲಿಯಲ್ಲಿ ಕಂಡರು. 1921ರಲ್ಲಿ ಇವರಿಬ್ಬರೂ ಕೊಟ್ಟ ಹೆಸರೇ ಮೆಲಿಯಾಯ್ಡೋಸಿಸ್. ಇಲಿಗಳಿಂದ ಬರುವುದೆಂದು ಅವರು ತಿಳಿದಿದ್ದರು. ನಿಜವಾಗಿ ಅದು ಬರುವುದು ಮಣ್ಣಿನಿಂದ, ಕೆಸರುನೀರಿನಿಂದ. ಗದ್ದೆ, ಕೆರೆ, ಮಳೆಗಾಲ ಇರುವಲ್ಲೆಲ್ಲ ಅದಕ್ಕೆ ತವರುಮನೆ. ನಮ್ಮ ಉಡುಪಿ, ದಕ್ಷಿಣ ಕನ್ನಡದ ಮಳೆಗಾಲದಲ್ಲೂ ಇದೆಯೆಂದು ಮಣಿಪಾಲದ ವೈದ್ಯರು ಅನೇಕ ವರ್ಷಗಳಿಂದ ತೋರಿಸುತ್ತ ಬಂದಿದ್ದಾರೆ.

ನಾವು ಎಂಬಿಬಿಎಸ್ ಓದುವಾಗ ಇದು ಪುಸ್ತಕದಲ್ಲಿ ನಾಲ್ಕು ಸಾಲು: ಸ್ಯೂಡೋಮೋನಾಸ್ ಸ್ಯೂಡೋಮಲ್ಲೈ, ಬಣ್ಣ ಹಾಕಿ ನೋಡಿದರೆ ಸೇಫ್ಟಿಪಿನ್ನಿನಂತೆ ಕಾಣುತ್ತದೆ, ಪರೀಕ್ಷೆಗೆ ಬರುವುದಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಪೂರ್ವ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಲಾರಿ ಡ್ರೈವರ್ ಒಬ್ಬರು ನನ್ನ ಬಳಿಗೆ ಬಂದರು. ಸಕ್ಕರೆ ಕಾಯಿಲೆ, ಮೂರು ವಾರದ ಕೆಮ್ಮು ಜ್ವರ, ಎಕ್ಸ್‌ರೇಯಲ್ಲಿ ಮೇಲ್ಭಾಗದಲ್ಲಿ ನೆರಳು. ನಮ್ಮ ಊರಿನಲ್ಲಿ ಕಲಿತವನಿಗೆ ಇದು ಕ್ಷಯವಲ್ಲದೆ ಇನ್ನೇನು? ಕ್ಷಯದ ಮಾತ್ರೆ ಶುರುಮಾಡಿದೆ. ನಾಲ್ಕನೆಯ ದಿನ ಪ್ರಯೋಗಶಾಲೆಯಿಂದ ರಕ್ತದಲ್ಲಿ ಮೆಲಿಯಾಯ್ಡೋಸಿಸ್ ಎಂದು ಫೋನು ಬಂತು. ಔಷಧಿ ಬದಲಿಸಿದೆವು. ಆರನೆಯ ದಿನ ಅವರು ತೀರಿಕೊಂಡರು. ಅವರ ಹೆಂಡತಿ ನನಗೆ ಕೈಮುಗಿದು ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ತಪ್ಪು ನನ್ನದು. 2010ರಲ್ಲಿ ಪಹಾಂಗಿನ ಮಾರಾನ್ ಬಳಿಯ ಲುಬುಕ್ ಯು ಎಂಬಲ್ಲಿ ಮುಳುಗಿದವನೊಬ್ಬನನ್ನು ಹುಡುಕಲು ನೀರಿಗಿಳಿದವರ ಪೈಕಿ ಎಂಟು ಜನ ಸತ್ತಾಗ, ಇದೇ ಬ್ಯಾಕ್ಟೀರಿಯಾ ಕಾರಣವೆಂದು ಓದಿ ಆ ಡ್ರೈವರ್ ಮತ್ತೆ ನೆನಪಾದರು.

1992ರಲ್ಲಿ ಜಪಾನಿನ ವಿಜ್ಞಾನಿಗಳು ಈರುಳ್ಳಿಯವನನ್ನೂ ಈ ಕೊಲೆಗಡುಕನನ್ನೂ ಇನ್ನಷ್ಟು ಜಾತಿಗಳನ್ನೂ ಸ್ಯೂಡೋಮೋನಾಸ್ ಮನೆಯಿಂದ ಹೊರತಂದು ಬರ್ಕ್‌ಹೋಲ್ಡೇರಿಯಾ ಎಂಬ ಹೊಸ ಕುಲ ಮಾಡಿದರು. ಅಂದರೆ ನೆಲ ಶುದ್ಧಮಾಡುವವನೂ, ಮನುಷ್ಯನನ್ನು ಕೊಲ್ಲುವವನೂ ಒಂದೇ ಸೂರಿನ ಕೆಳಗೆ, ಒಂದೇ ಮನೆಹೆಸರಿನಲ್ಲಿ. ಮುಖ ನೋಡಿ ಗುರುತಿಸುವಂತಿಲ್ಲ. ಯಾರ ಜೇಬಿನಲ್ಲಿ ಏನಿದೆ ಎಂದು ನೋಡಬೇಕಾದರೆ ಜೀನೋಮನ್ನೇ, ಎಂದರೆ ವಂಶವಾಹಿಗಳ ಇಡೀ ಗ್ರಂಥವನ್ನೇ ಬಿಚ್ಚಿ ಅಕ್ಷರ ಅಕ್ಷರ ಓದಬೇಕಾಯಿತು.

ನಾಲ್ಕೇ ಅಕ್ಷರಗಳ ಬರಹವದು. 1995ರಲ್ಲಿ ಮೊಟ್ಟಮೊದಲು ಪೂರ್ತಿಯಾಗಿ ಓದಿದ ಬ್ಯಾಕ್ಟೀರಿಯಾ ಹೀಮೋಫಿಲಸ್ ಇನ್‌ಫ್ಲುಯೆಂಜೆ. 18 ಲಕ್ಷದ 30 ಸಾವಿರ ಅಕ್ಷರ. 2000ದಲ್ಲಿ ಆಸ್ಪತ್ರೆಯ ಶತ್ರು ಏರುಗಿನೋಸಾ. 2002ರಲ್ಲಿ ಅದರ ದಾಯಾದಿ ಸ್ಯೂಡೋಮೋನಾಸ್ ಪ್ಯುಟಿಡಾ, ಸುಮಾರು 62 ಲಕ್ಷ ಅಕ್ಷರ. ಈ ಪ್ಯುಟಿಡಾ ಬಹಳ ಕಾಲದಿಂದ ಪ್ರಯೋಗಶಾಲೆಗಳಲ್ಲಿ ಸಾಧು ಎಂದು ಹೆಸರಾದ ಮಣ್ಣಿನ ಜೀವಿ. ಟೊಲೂಯಿನ್‌ನಂಥ ವಿಷಗಳನ್ನು ತಿನ್ನುವ ತಳಿಯಿಂದ ಬಂದದ್ದು. ಎರಡು ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನೂರಕ್ಕೆ ಎಂಬತ್ತೈದರಷ್ಟು ವಂಶವಾಹಿಗಳು ಒಂದೇ! ವ್ಯತ್ಯಾಸವಿದ್ದದ್ದು ಉಳಿದದ್ದರಲ್ಲಿ. ಏರುಗಿನೋಸಾ ನಮ್ಮ ಜೀವಕೋಶಗಳಿಗೆ ವಿಷ ಚುಚ್ಚಲು ಬಳಸುವ ಸೂಜಿಯಂಥ ಯಂತ್ರ ಪ್ಯುಟಿಡಾದಲ್ಲಿ ಇಲ್ಲ; ಎಕ್ಸೋಟಾಕ್ಸಿನ್ ಎ ಎಂಬ ಮುಖ್ಯ ವಿಷವೂ ಇಲ್ಲ. ಅಡಿಗೆಮನೆ ಎರಡರಲ್ಲೂ ಒಂದೇ ತರಹ, ಆಯುಧಶಾಲೆ ಮಾತ್ರ ಒಂದರಲ್ಲೇ. 'ಇವನು ಸಾಧು' ಎಂಬುದು ಅಲ್ಲಿಯವರೆಗೆ ಅನುಭವದ ಮಾತು, ಅಲ್ಲಿಂದ ಮುಂದೆ ದಾಖಲೆಯ ಮಾತು.

2004ರಲ್ಲಿ ಮೆಲಿಯಾಯ್ಡೋಸಿಸ್ ಬ್ಯಾಕ್ಟೀರಿಯಾದ ಗ್ರಂಥ ಹೊರಬಂತು. ಥಾಯ್ಲೆಂಡಿನ ರೋಗಿಯೊಬ್ಬರಿಂದ ದೊರೆತ ತಳಿ. ಎರಡು ಸಂಪುಟ, ಒಟ್ಟು ಸುಮಾರು 72 ಲಕ್ಷ ಅಕ್ಷರ. ಎರಡು ವರ್ಷದ ನಂತರ ಅದರ ದಾಯಾದಿಯ ಸರದಿ: ನ್ಯೂಯಾರ್ಕ್ ರಾಜ್ಯದಲ್ಲಿ ಪಿಸಿಬಿ ಎಂಬ ವಿಷ ಸುರಿದ ಮಣ್ಣಿನಲ್ಲಿ ಸಿಕ್ಕ ಎಲ್‌ಬಿ400. ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಬಳಸುತ್ತಿದ್ದ ಪಿಸಿಬಿಯನ್ನು ತಿನ್ನುವುದರಲ್ಲಿ ಇವನನ್ನು ಮೀರಿಸಿದವರು ಕಡಿಮೆ. ಹೆಸರೇ ಬರ್ಕ್‌ಹೋಲ್ಡೇರಿಯಾ ಝೀನೋವೊರಾನ್ಸ್, ಎಂದರೆ ಪರಕೀಯವನ್ನು ನುಂಗುವವನು. 97 ಲಕ್ಷ ಅಕ್ಷರ! ಅದರಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಅಕ್ಕಪಕ್ಕದ ಜೀವಿಗಳಿಂದ ಇತ್ತೀಚೆಗೆ ಎರವಲು ತಂದದ್ದೆಂದು ಓದಿದವರು ಲೆಕ್ಕಹಾಕಿದರು.

ಹೀಗೆ ಗ್ರಂಥಗಳು ಒಂದೊಂದಾಗಿ ಸೇರುತ್ತ ಹೋದಂತೆ, 2014ರಲ್ಲಿ ಕೆನಡಾದ ವಿಜ್ಞಾನಿಗಳು ಮನೆ ಪಾಲು ಮಾಡುವ ಪ್ರಸ್ತಾಪ ಮುಂದಿಟ್ಟರು. ಮನುಷ್ಯರಿಗೂ ಪ್ರಾಣಿಗಳಿಗೂ ಗಿಡಗಳಿಗೂ ರೋಗ ತರುವವರೆಲ್ಲ ಹಳೆಯ ಬರ್ಕ್‌ಹೋಲ್ಡೇರಿಯಾ ಮನೆಯಲ್ಲೇ ಇರಲಿ. ಮಣ್ಣಿನಲ್ಲಿ ತಮ್ಮ ಪಾಡಿಗೆ ದುಡಿಯುವವರು 'ಪ್ಯಾರಾಬರ್ಕ್‌ಹೋಲ್ಡೇರಿಯಾ' ಎಂಬ ಹೊಸ ಮನೆಗೆ ಹೋಗಲಿ. ಝೀನೋವೊರಾನ್ಸ್ ಹೊಸ ಮನೆಗೆ ಹೋದ. ಓದುಗರಲ್ಲಿ ಪಾಲುಪಟ್ಟಿಯ ಅನುಭವ ಇದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಯಾವ ಪಾಲೂ ಪೂರ್ತಿ ಸರಿಯಾಗುವುದಿಲ್ಲ. ಕಾರ್ಖಾನೆಗಳ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ಮುರಿಯುವ ಜಿ4 ಎಂಬ ಪ್ರಸಿದ್ಧ ದುಡಿಮೆಗಾರ ಸೆಪೇಸಿಯಾ ಬಳಗದವನೇ; ಹಳೆಯ ಮನೆಯಲ್ಲಿ ಕೊಲೆಗಾರರ ನಡುವೆಯೇ ಉಳಿದ. ಹೊಸ ಮನೆಯವರೂ ಅಪರೂಪಕ್ಕೊಮ್ಮೆ ದುರ್ಬಲ ರೋಗಿಗಳಲ್ಲಿ ಕಾಣಿಸಿಕೊಂಡದ್ದಿದೆ.

ನಮ್ಮವರ ಪಾಲೇನು ಎಂದು ಕೇಳುವಿರಾದರೆ, ಬೆಂಗಳೂರಿನ ಒಂದು ಸಂಗತಿ ಹೇಳಲೇಬೇಕು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊ. ಸಿ.ಎಸ್. ವೈದ್ಯನಾಥನ್ ಅವರ ಬಳಗ ಪೆಟ್ರೋಲಿಯಂ ಬೆರೆತ ಬೆಂಗಳೂರಿನ ಮಣ್ಣಿನಿಂದ ಒಂದು ಸ್ಯೂಡೋಮೋನಾಸ್ ತಳಿಯನ್ನು ಹೊರತೆಗೆಯಿತು. ಹೆಸರು ಸಿಎಸ್‌ವಿ86, ಆ ಮೂರು ಅಕ್ಷರ ಪ್ರೊಫೆಸರರ ಹೆಸರಿನವೇ. ಇದು ತಿನ್ನುವುದು ನಾಫ್ತಲೀನ್, ಎಂದರೆ ನಮ್ಮ ರೇಷ್ಮೆ ಸೀರೆಗಳ ಪೆಟ್ಟಿಗೆಯ ನುಸಿಗುಳಿಗೆ. ವಿಚಿತ್ರವೇನೆಂದರೆ, ಸಕ್ಕರೆ ಮತ್ತು ನಾಫ್ತಲೀನ್ ಎರಡನ್ನೂ ಒಟ್ಟಿಗೆ ಬಡಿಸಿದರೆ ಉಳಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಮೊದಲು ಸಕ್ಕರೆಗೆ ಬಾಯಿಹಾಕುತ್ತವೆ. ಇದು ಮೊದಲು ನುಸಿಗುಳಿಗೆಯನ್ನೇ ಮುಗಿಸುತ್ತದೆ! ಮುಂದೆ ಮುಂಬಯಿ ಐಐಟಿಯಲ್ಲಿ ಪ್ರೊ. ಪ್ರಶಾಂತ್ ಫಳೆಯವರು ಇದನ್ನು ಬಿಡದೆ ಬೆಳೆಸಿ, ನಾಗಪುರದ ನೀರಿ ಸಂಸ್ಥೆಯೊಂದಿಗೆ 2013ರಲ್ಲಿ ಇದರ ಜೀನೋಮ್ ಪ್ರಕಟಿಸಿದರು. ಅದೇ ವರ್ಷ ಮಲೇಷಿಯಾದವರು ತಾಳೆಎಣ್ಣೆ ಮರದ ಜೀನೋಮನ್ನೂ ರಬ್ಬರ್ ಮರದ ಜೀನೋಮನ್ನೂ ಪ್ರಕಟಿಸಿದರೆಂಬುದನ್ನು ಜೊತೆಯಲ್ಲಿ ನೆನೆಯಬಹುದು. ಸಿಎಸ್‌ವಿ86ನಲ್ಲಿ ಪ್ಲಾಸ್ಮಿಡ್ ಇಲ್ಲ. ಹಾಗಾದರೆ ವಿದ್ಯೆ ಎಲ್ಲಿಂದ ಬಂತು? ಗ್ರಂಥ ಓದಿದಾಗ ಸಿಕ್ಕಿದ ಉತ್ತರ: ನಾಫ್ತಲೀನ್ ತಿನ್ನುವ ವಂಶವಾಹಿಗಳು ಒಂದು ಜೀವಿಯಿಂದ ಇನ್ನೊಂದಕ್ಕೆ ಕಿತ್ತುಕೊಂಡು ಹೋಗಿ ಅಂಟಿಕೊಳ್ಳಬಲ್ಲ ಒಂದು ತುಣುಕಿನಲ್ಲಿವೆ. ಇಷ್ಟು ಕಾಲ ಇದನ್ನು ಪ್ಯುಟಿಡಾ ಎಂದೇ ಕರೆಯುತ್ತಿದ್ದರು. ಜೀನೋಮನ್ನು ಉಳಿದವರ ಜೀನೋಮಿನೊಡನೆ ಹೋಲಿಸಿ, ಇದು ಬೇರೆಯೇ ಜಾತಿಯೆಂದು 2022ರಲ್ಲಿ ಹೊಸ ನಾಮಕರಣವಾಯಿತು: ಸ್ಯೂಡೋಮೋನಾಸ್ ಭಾರತಿಕಾ.

ನುಸಿಗುಳಿಗೆಯ ಮಾತು ಬಂದದ್ದರಿಂದ ತಾಯಂದಿರಿಗೆ ಒಂದು ಮಾತು. ಈ ದೇಶದಲ್ಲಿ ಮಗು ಹುಟ್ಟಿದೊಡನೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಜಿ6ಪಿಡಿ ಪರೀಕ್ಷೆ ಮಾಡುತ್ತಾರೆ. ಅದರ ಕೊರತೆ ಇರುವ ಕೂಸಿಗೆ ನುಸಿಗುಳಿಗೆ ಹಾಕಿಟ್ಟ ಬಟ್ಟೆ ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು ಅಪಾಯಕಾರಿ ಕಾಮಾಲೆ ಬರಬಹುದು. ಅಜ್ಜಿ ಊರಿನಿಂದ ತಂದ ಹಳೆಯ ಕುಲಾವಿಯಾದರೂ ಸರಿ, ಚೆನ್ನಾಗಿ ಒಗೆದು ಬಿಸಿಲಿಗೆ ಹಾಕದೆ ತೊಡಿಸಬೇಡಿ. ಸಿಎಸ್‌ವಿ86 ಊಟ ಮಾಡುವುದು ಇದೇ ವಸ್ತುವನ್ನು.

2019ರ ಮಾರ್ಚಿನಲ್ಲಿ ಜೊಹೊರಿನ ಪಾಸಿರ್ ಗುಡಾಂಗಿನಲ್ಲಿ ಕಿಮ್ ಕಿಮ್ ನದಿಗೆ ಯಾರೋ ಕದ್ದು ರಾಸಾಯನಿಕ ತ್ಯಾಜ್ಯ ಸುರಿದು, ಸಾವಿರಾರು ಜನ ಉಸಿರಾಟದ ತೊಂದರೆಯಿಂದ ನರಳಿ, 111 ಶಾಲೆಗಳನ್ನು ಮುಚ್ಚಿದಾಗ, "ಇಂಥದ್ದನ್ನೆಲ್ಲ ತಿನ್ನುವ ಬ್ಯಾಕ್ಟೀರಿಯಾ ಇವೆಯಂತಲ್ಲ, ತಂದು ಸುರಿಯಬಾರದೆ?" ಎಂದು ನಮ್ಮಲ್ಲೇ ಕೆಲವರು ಕೇಳಿದ್ದರು. ಅಲ್ಲಿ ಬೇಕಾಗಿದ್ದುದು ವಿಷವನ್ನು ತಕ್ಷಣ ಎತ್ತಿ ಸಾಗಿಸುವುದು; ಬ್ಯಾಕ್ಟೀರಿಯಾದ ಊಟ ಬಹಳ ನಿಧಾನ. ಜೊತೆಗೆ ಸುರಿಯುವುದು ಯಾರನ್ನು ಎಂಬ ಪ್ರಶ್ನೆಯೂ ಇದ್ದೇ ಇದೆ. ಇಂದು ಒಂದು ಬ್ಯಾಕ್ಟೀರಿಯಾದ ಜೀನೋಮ್ ಓದಲು ಒಂದೆರಡು ದಿನ ಸಾಕು. 1995ಕ್ಕೆ ಮೊದಲು ಅದು ಯಾರಿಗೂ ಆಗಿರಲಿಲ್ಲ. ಆದ್ದರಿಂದ ಡಬ್ಬಿಯಲ್ಲಿ ತುಂಬಿ 'ಕೊಳೆ ತಿನ್ನುವ ಬ್ಯಾಕ್ಟೀರಿಯಾ' ಎಂದು ಮಾರುವವರನ್ನು, ಇದರ ಜಾತಿ ಯಾವುದು, ಜೀನೋಮ್ ಓದಿದ್ದೀರಾ ಎಂದು ಕೇಳುವ ಹಕ್ಕು ನಮಗಿದೆ.

ಸಕ್ಕರೆ ಕಾಯಿಲೆ ಇರುವ ನಮ್ಮ ಹಿರಿಯರು ಮಳೆಗಾಲದಲ್ಲಿ ಕೈತೋಟಕ್ಕೆ ಇಳಿಯುವಾಗ ಬೂಟು, ಕೈಗವಸು ಹಾಕಿಕೊಳ್ಳಬೇಕು. ಜ್ವರ ಮೂರು ದಿನ ಬಿಡದಿದ್ದರೆ ವೈದ್ಯರಿಗೆ ಮಣ್ಣಿನ ಕೆಲಸ ಮಾಡಿದ್ದೆ ಎಂದು ನೀವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ಆ ಹುಡುಗಿಗೆ ಯುಗಾದಿಯ ದಿನ ಈ ಪುಟಗಳನ್ನು ಕೊಡುತ್ತೇನೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಹೇಳಿದ್ದು ಅವಸರದ ಉತ್ತರ ಎಂದು ಒಪ್ಪಿಕೊಂಡು, ಸಕ್ಕರೆ ಬಿಟ್ಟು ನುಸಿಗುಳಿಗೆ ತಿನ್ನುವ ಬೆಂಗಳೂರಿನವನ ಕಥೆಯಿಂದ ಶುರುಮಾಡುತ್ತೇನೆ.